ಕಪ್ಪು ಕೆಸರಲ್ಲಿ ಸಾರಜನಕ ಎಲ್ಲಿ ಹೋಗುತ್ತದೆ?

ಭದ್ರಾ ನಾಲೆಗೆ ನೀರು ಬಿಟ್ಟ ಮೇಲೆ ಮಲೇಬೆನ್ನೂರು ಕಡೆ ಗದ್ದೆಗೆ ಇಳಿದವರಿಗೆಲ್ಲ ಇದು ಗೊತ್ತು. ಕೆಸರಿನ ಮೇಲ್ಪದರ ಕಂದು ಬಣ್ಣ. ಕಾಲು ಆಳಕ್ಕೆ ಹೋದರೆ ಕಪ್ಪು ಕಪ್ಪು, ಕಿತ್ತು ತೆಗೆದರೆ ಒಂಥರಾ ಕೊಳೆತ ವಾಸನೆ. ನಿಂತ ನೀರಿಗೆ ಯೂರಿಯಾ ಎರಚುವವರನ್ನು ಕಂಡರೆ ನಮ್ಮ ದೊಡ್ಡಪ್ಪ ಸುಮ್ನೆ ಇರುತ್ತಿರಲಿಲ್ಲ. "ಅರ್ಧ ಭತ್ತಕ್ಕೆ, ಅರ್ಧ ಗಾಳಿಗೆ ಹಾಕ್ತಿದ್ದೀರಲ್ರೋ!" ಗಾಳಿಗೆ ಹೋಗುವ ಪಾಲಿನಲ್ಲಿ ಒಂದಷ್ಟು ಅಮೋನಿಯಾ ಆಗಿ ನೇರವಾಗಿ ಹಾರುತ್ತದೆ. ಉಳಿದದ್ದು ಕೆಸರಿನ ಬ್ಯಾಕ್ಟೀರಿಯಾಗಳ ಕೈವಾಡ.

ರೈತನಿಗೆ ನಷ್ಟವಾದ ಇದೇ ಕೆಲಸ ನದಿ ಸಮುದ್ರ ಸೇರುವ ಅಳಿವೆಯಲ್ಲಿ ದೊಡ್ಡ ಉಪಕಾರ. ಹೊಲದಿಂದ, ಚರಂಡಿಯಿಂದ ಬಂದ ಸಾರಜನಕವನ್ನು ಅಲ್ಲಿನ ಕೆಸರು ಗಾಳಿಗೆ ಬಿಟ್ಟುಬಿಡುತ್ತದೆ, ಕಡಲಿಗೆ ಹೋಗುವ ಹೊರೆ ಕಡಿಮೆಯಾಗುತ್ತದೆ. ಆದರೆ ನೀರಲ್ಲಿ ಆಮ್ಲಜನಕ ಬತ್ತಿದಾಗ ಈ ಉಪಕಾರವೂ ನಿಂತುಹೋಗುತ್ತದೆ. ಇದನ್ನು ಅರ್ಥ ಮಾಡಿಕೊಳ್ಳೋಕೆ ವಿಜ್ಞಾನಿಗಳಿಗೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಮೊದಲಿಗೆ ಇದೆಲ್ಲ ಬರೀ ರಾಸಾಯನಿಕ ಕ್ರಿಯೆ ಅಂದುಕೊಂಡಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು ತುಂಬಿದ ಕೊಳವೆಯಲ್ಲಿ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು ಇಪ್ಪತ್ತು ದಿನ ಅಮೋನಿಯಾ ಹಾಗೇ ಹೊರಬಂತು, ಆಮೇಲೆ ನೈಟ್ರೇಟ್, ಅಂದರೆ ಸಾರಜನಕಕ್ಕೆ ಆಮ್ಲಜನಕ ಸೇರಿದ ರೂಪ, ಆಗಿ ಬರತೊಡಗಿತು. ಕ್ಲೋರೋಫಾರ್ಮ್ ಹಾಕಿದರು, ಕೆಲಸ ನಿಂತಿತು. ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಬರೀ ರಾಸಾಯನಿಕವಾಗಿದ್ದರೆ ಕ್ಲೋರೋಫಾರ್ಮ್‌ಗೆ ಯಾಕೆ ಮೂರ್ಛೆ ಹೋಗಬೇಕು, ಅಲ್ವಾ? ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳನ್ನು 1890ರ ಹೊತ್ತಿಗೆ ವಿನೊಗ್ರಾಡ್ಸ್ಕಿ ಬೇರ್ಪಡಿಸಿ ತೋರಿಸಿದರು. ಅಷ್ಟರಲ್ಲಿ, 1886ರಲ್ಲಿ, ಗೆಯೋನ್ ಮತ್ತು ದುಪೆಟಿ ಇದರ ಉಲ್ಟಾ ಕೆಲಸದವರನ್ನು ಹಿಡಿದಿದ್ದರು. ಇವು ಗಾಳಿ ಇಲ್ಲದ ಕಡೆ ನೈಟ್ರೇಟನ್ನೇ ಉಸಿರಾಡಿ ಸಾರಜನಕ ಅನಿಲ ಬಿಡುತ್ತವೆ.

ಅಂದರೆ ಕೆಸರು ಎರಡಂತಸ್ತಿನ ಮನೆ ಇದ್ದ ಹಾಗೆ. ಮೇಲಿನ ಅಂತಸ್ತಿಗೆ ಆಮ್ಲಜನಕ ಬೇಕೇ ಬೇಕು, ಅಲ್ಲಿ ಅಮೋನಿಯಂ (ಅಮೋನಿಯಾ ನೀರಲ್ಲಿ ಕರಗಿದಾಗಿನ ರೂಪ) ಬದಲಾಗಿ ನೈಟ್ರೇಟ್ ಆಗುತ್ತದೆ. ಅಳಿವೆಯ ಕೆಸರಲ್ಲಿ ಈ ಅಂತಸ್ತಿನ ದಪ್ಪ ಕೆಲವೇ ಮಿಲಿಮೀಟರ್. ಕೆಳಗಿನವರಿಗೆ ಆಮ್ಲಜನಕ ಬೇಡ, ಮೇಲಿಂದ ಇಳಿದ ನೈಟ್ರೇಟ್ ಸಾಕು.

ಮುಂದಿನ ಕಥೆ ಗೊಬ್ಬರದ್ದು. 1913ರಲ್ಲಿ ಜರ್ಮನಿಯ ಒಪ್ಪಾವ್‌ನಲ್ಲಿ ಗಾಳಿಯಿಂದ ಅಮೋನಿಯಾ ಮಾಡುವ ಕಾರ್ಖಾನೆ ಶುರುವಾಯಿತು. ಎರಡನೇ ಮಹಾಯುದ್ಧದ ನಂತರ ಸಾರಜನಕ ಗೊಬ್ಬರ ಲೋಕವನ್ನೇ ತುಂಬಿತು. ನದಿಗೆ ಸೇರಿದ ಸಾರಜನಕ ಕರಾವಳಿಯಲ್ಲಿ ಪಾಚಿ ಬೆಳೆಸಿತು. ಪಾಚಿ ಸತ್ತು ತಳಕ್ಕೆ ಬಿದ್ದು ಕೊಳೆಯುವಾಗ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ, ಮೇಲಿಂದ ಹೊಸ ಗಾಳಿ ಇಳಿಯೋಣ ಅಂದರೆ ಉಪ್ಪು ನೀರಿನ ಮೇಲೆ ನದಿಯ ಹಗುರ ಸಿಹಿನೀರು ಮುಚ್ಚಳದ ಹಾಗೆ ಕೂತಿರುತ್ತದೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕಡಿಮೆ ಆಮ್ಲಜನಕ ಇದ್ದರೆ ಮೀನು ಓಡಿಹೋಗುತ್ತವೆ, ಓಡಲಾಗದವು ಸಾಯುತ್ತವೆ. ಮೆಕ್ಸಿಕೋ ಕೊಲ್ಲಿಯಲ್ಲಿ ಇಂಥ ಪ್ರದೇಶವನ್ನು 1985ರಿಂದ ಅಳೆಯುತ್ತಿದ್ದಾರೆ. 2017ರಲ್ಲಿ ಅದು ಸುಮಾರು 22,700 ಚದರ ಕಿಲೋಮೀಟರ್ ಇತ್ತು, ನಮ್ಮ ದಾವಣಗೆರೆಯಂಥ ಮೂರು ಜಿಲ್ಲೆ ಇಟ್ಟರೂ ಜಾಗ ಮಿಗುತ್ತದೆ.

ಆಮ್ಲಜನಕ ಕಡಿಮೆಯಾದರೆ ಕೆಳಗಿನ ಅಂತಸ್ತಿನವರಿಗೆ ಹಬ್ಬ, ಸಾರಜನಕ ಇನ್ನೂ ಬೇಗ ಖಾಲಿಯಾಗುತ್ತದೆ ಅಂತ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಅಮೆರಿಕದ ಚೆಸಪೀಕ್ ಕೊಲ್ಲಿಯ ಕೆಸರಿನ ಬಗ್ಗೆ 1990ರಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು. ವಸಂತದಲ್ಲಿ ಜೋರಾಗಿದ್ದ ಕೆಲಸ, ತಳದ ನೀರಲ್ಲಿ ಆಮ್ಲಜನಕ ಬತ್ತಿದ ಬೇಸಿಗೆಯಲ್ಲಿ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. ಕಾರಣ ಸರಳ. ಮೇಲಿನವರು ನೈಟ್ರೇಟ್ ಮಾಡುತ್ತಿಲ್ಲ, ಕೆಳಗಿನವರಿಗೆ ಊಟವಿಲ್ಲ. ಭಟ್ಟಿಯಲ್ಲಿ ಬೆಂಕಿ ಆರಿದರೆ ಖಾರ ಮಂಡಕ್ಕಿ ಅಂಗಡಿ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಗಾಳಿಗೆ ಹೋಗಬೇಕಿದ್ದ ಅಮೋನಿಯಂ ವಾಪಸ್ ನೀರಿಗೇ ಬರುತ್ತದೆ, ಮತ್ತೆ ಪಾಚಿ ಬೆಳೆಯುತ್ತದೆ, ಮತ್ತೆ ಆಮ್ಲಜನಕ ಬತ್ತುತ್ತದೆ.

ಗದ್ದೆಗೂ ಅಳಿವೆಗೂ ಒಂದು ದೊಡ್ಡ ವ್ಯತ್ಯಾಸವಿದೆ, ಅದು ಸಲ್ಫೇಟ್, ಅಂದರೆ ಗಂಧಕ ಇರುವ ಲವಣ. ಸಮುದ್ರದ ನೀರಲ್ಲಿ ಲೀಟರಿಗೆ ಎರಡೂವರೆ ಗ್ರಾಂಗಿಂತ ಜಾಸ್ತಿ ಇರುತ್ತದೆ. ಆಮ್ಲಜನಕವಿಲ್ಲದ ಕೆಸರಲ್ಲಿ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಕೊಳೆತ ಮೊಟ್ಟೆ ವಾಸನೆಯ ಸಲ್ಫೈಡ್ ಮಾಡುತ್ತವೆ. ಈ ಸಲ್ಫೈಡ್ ಮೇಲಿನ ಅಂತಸ್ತಿನವರಿಗೆ ವಿಷ. 1995ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸ್ವಲ್ಪವೇ ಸಲ್ಫೈಡ್ ತಗುಲಿದ ಬ್ಯಾಕ್ಟೀರಿಯಾಗಳು ಒಂದು ದಿನ ಕಳೆದರೂ ಚೇತರಿಸಿಕೊಂಡಿರಲಿಲ್ಲ. ಅಂದರೆ ಆಮ್ಲಜನಕ ವಾಪಸ್ ಬಂದ ತಕ್ಷಣ ಎಲ್ಲ ಸರಿಹೋಗುವುದಿಲ್ಲ. ಇನ್ನು ಅಲ್ಪಸ್ವಲ್ಪ ಉಳಿದ ನೈಟ್ರೇಟನ್ನೂ ಸಲ್ಫೈಡ್ ಇರುವ ಕಡೆ ಬೇರೆ ಬ್ಯಾಕ್ಟೀರಿಯಾಗಳು ಮತ್ತೆ ಅಮೋನಿಯಂ ಮಾಡಿಬಿಡುತ್ತವೆ. ಕೆಸರಲ್ಲಿ ಬಿಲ ತೋಡಿ ಒಳಕ್ಕೆ ಗಾಳಿ ಒಯ್ಯುತ್ತಿದ್ದ ಹುಳುಗಳೂ ಸತ್ತಿರುತ್ತವೆ, ನಮ್ಮ ಹೊಲದಲ್ಲಿ ಎರೆಹುಳು ಹೋದಷ್ಟೇ ನಷ್ಟ.

ಹರಿಹರದ ಸೇತುವೆ ಕೆಳಗಿನ ತುಂಗಭದ್ರೆ ಸಂಗಮೇಶ್ವರದಲ್ಲಿ ಕೃಷ್ಣೆಯನ್ನು ಸೇರಿ, ಕೊನೆಗೆ ಆಂಧ್ರದ ಹಂಸಲದೀವಿ ಬಳಿ ಬಂಗಾಳಕೊಲ್ಲಿಗೆ ಬೀಳುತ್ತದೆ. ನಡುವೆ ಹೊಸಪೇಟೆ, ಶ್ರೀಶೈಲ, ನಾಗಾರ್ಜುನಸಾಗರ ಅಣೆಕಟ್ಟುಗಳಿವೆ. ಅವುಗಳ ಹೂಳಲ್ಲೂ ಇದೇ ಎರಡಂತಸ್ತಿನ ಕೆಲಸ ನಡೆಯುವುದರಿಂದ, ನಮ್ಮ ಯೂರಿಯಾವೆಲ್ಲ ನೇರ ಕಡಲಿಗೇ ಹೋಗುತ್ತದೆ ಅಂತ ಹೆದರಿಸುವುದು ಸರಿಯಲ್ಲ.

ತಮಾಷೆ ಅಂದರೆ, ಅಳಿವೆಯಲ್ಲಿ ಬದುಕಲಿ ಅಂತ ಬಯಸುವ ಆ ಮೇಲಿನ ಅಂತಸ್ತಿನವರನ್ನೇ ಗದ್ದೆಯಲ್ಲಿ ನಾವು ಬೇಕಂತಲೇ ತಡೆಯುತ್ತೇವೆ. 2015ರಿಂದ ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಲೇಪನ ಕಡ್ಡಾಯ. ಬೇವು ಆ ಬ್ಯಾಕ್ಟೀರಿಯಾಗಳ ಕೈ ನಿಧಾನ ಮಾಡುತ್ತದೆ, ಅಮೋನಿಯಂ ಭತ್ತದ ಬೇರಿಗೆ ಸಿಗುವಷ್ಟು ಹೊತ್ತು ಮಣ್ಣಲ್ಲೇ ಉಳಿಯುತ್ತದೆ. ದೊಡ್ಡಪ್ಪ ಬೇವಿನ ಚೀಲ ಬರುವ ಮೊದಲೂ ನೀರು ಬಸಿದೇ ಗೊಬ್ಬರ ಹಾಕುತ್ತಿದ್ದರು, ಈಗಲೂ ಹಾಗೇ.