ಗೇಮ್ ಬ್ಯಾಕಪ್: ಗೇಮ್ ಫೋಲ್ಡರ್ ಬೇರೆ, ಸೇವ್ ಬೇರೆ

ಮೈಸೂರಿನ ಸರಸ್ವತಿಪುರಂ ರೂಮಿನಲ್ಲಿ ವೈಫೈ ಇದೆ. ರಜೆಗೆ ಪಾಂಡವಪುರದ ಹತ್ತಿರ ನಮ್ಮೂರಿಗೆ ಹೋದರೆ ಫೋನಿನ ಹಾಟ್‌ಸ್ಪಾಟೇ ಗತಿ. 60 ಜಿಬಿ ಗೇಮ್ ಅನ್ನು ದಿನಕ್ಕೆ 2 ಜಿಬಿ ಡೇಟಾದಲ್ಲಿ ಇಳಿಸಿಕೊಳ್ಳಲು ಒಂದು ತಿಂಗಳು ಬೇಕು. ರೂಮಿನ 40 ಎಂಬಿಪಿಎಸ್ ವೈಫೈನಲ್ಲೂ ಮೂರು ಗಂಟೆ ದಾಟುತ್ತದೆ. ಅದೇ ಗೇಮನ್ನು ಮೊದಲೇ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಟ್ಟಿದ್ದರೆ, ಅಲ್ಲಿಂದ ಸೆಕೆಂಡಿಗೆ 100 ಎಂಬಿ ಬಂದರೆ ಹತ್ತೇ ನಿಮಿಷ. ಸಣ್ಣ ಸಣ್ಣ ಫೈಲ್‌ಗಳು ಜಾಸ್ತಿ ಇದ್ದರೆ ಇನ್ನಷ್ಟು ಹಿಡಿಯುತ್ತದೆ, ಆದರೂ ತಿಂಗಳಿಗೆ ಹೋಲಿಸಿದರೆ ಏನೂ ಅಲ್ಲ.

ಮೊದಲು ಸ್ಟೀಮ್, ಅಂದರೆ ಕಂಪ್ಯೂಟರ್ ಗೇಮ್ ಕೊಂಡು ಇಳಿಸಿಕೊಳ್ಳುವ ಆನ್‌ಲೈನ್ ಅಂಗಡಿ. ಗೇಮಿನ ಪ್ರಾಪರ್ಟೀಸ್‌ನಲ್ಲಿ 'ಇನ್‌ಸ್ಟಾಲ್ಡ್ ಫೈಲ್ಸ್' ತೆರೆದರೆ ಬ್ಯಾಕಪ್ ಬಟನ್ ಸಿಗುತ್ತದೆ. ನನಗೆ ಇದಕ್ಕಿಂತ ನೇರವಾಗಿ ಕಾಪಿ ಮಾಡುವುದೇ ಇಷ್ಟ, ಯಾವುದು ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. 'ಸ್ಟೀಮ್‌ಆ್ಯಪ್ಸ್' ಫೋಲ್ಡರಿನೊಳಗೆ 'ಕಾಮನ್' ಅಂತ ಇದೆ, ಗೇಮ್ ಇರುವುದು ಅಲ್ಲಿ. ಜೊತೆಗೆ 'ಸ್ಟೀಮ್‌ಆ್ಯಪ್ಸ್'ನಲ್ಲೇ 'ಆ್ಯಪ್‌ಮ್ಯಾನಿಫೆಸ್ಟ್' ಎಂಬ ಹೆಸರಿನ ಚಿಕ್ಕ ಫೈಲ್ ಇರುತ್ತದೆ. ಒಂದೊಂದು ಗೇಮಿಗೆ ಒಂದೊಂದು, ಹೆಸರಿನಲ್ಲಿ ಆ ಗೇಮಿನ ನಂಬರ್. ಎರಡನ್ನೂ ಎತ್ತಿಡಿ. ವಾಪಸ್ ಹಾಕುವಾಗ ಸ್ಟೀಮ್ ಪೂರ್ತಿ ಮುಚ್ಚಿ, ಎರಡನ್ನೂ ಆಯಾ ಜಾಗದಲ್ಲೇ ಇಟ್ಟು, ಮತ್ತೆ ತೆರೆಯಿರಿ. ಆಮೇಲೆ ಅದೇ 'ಇನ್‌ಸ್ಟಾಲ್ಡ್ ಫೈಲ್ಸ್'ನಲ್ಲಿ 'ವೆರಿಫೈ' ಒತ್ತಿ. ಕೆಟ್ಟ ಅಥವಾ ಬಿಟ್ಟುಹೋದ ಫೈಲ್ ಮಾತ್ರ ನೆಟ್‌ನಿಂದ ಬರುತ್ತದೆ. ಲಾಗಿನ್ ಅಂತೂ ಬೇಕೇ ಬೇಕು, ಪಾಸ್‌ವರ್ಡ್ ನೆನಪಿರಲಿ.

ಇಷ್ಟು ಮಾಡಿದರೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಕಳೆದ ದಸರಾ ರಜೆಯಲ್ಲಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ಗೇಮ್ ವಾಪಸ್ ಹಾಕಿದೆ. ಚೆನ್ನಾಗೇ ತೆರೆಯಿತು. ತಂಗಿ ಕೂತು ನೋಡಿದಳು. ಎರಡು ತಿಂಗಳಿಂದ ಅವಳು ಗೇಮಿನಲ್ಲಿ ಒಂದು ಊರು ಕಟ್ಟಿದ್ದಳು, ಕೆರೆ, ಸೇತುವೆ ಎಲ್ಲಾ. "ಅಣ್ಣಾ, ನನ್ನ ಊರೆಲ್ಲಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಗೊತ್ತಾಯಿತು. ಎಷ್ಟೋ ಗೇಮ್‌ಗಳು ಸೇವ್ ಫೈಲನ್ನು, ಅಂದರೆ ನಾವು ಆಡಿ ಎಲ್ಲಿಗೆ ಬಂದಿದ್ದೇವೆ ಅಂತ ಬರೆದಿಡುವ ಫೈಲನ್ನು, ತಮ್ಮ ಫೋಲ್ಡರಿನಲ್ಲಿ ಇಡುವುದೇ ಇಲ್ಲ. 'ಡಾಕ್ಯುಮೆಂಟ್ಸ್'ನೊಳಗಿನ 'ಮೈ ಗೇಮ್ಸ್', 'ಸೇವ್ಡ್ ಗೇಮ್ಸ್', ಇಲ್ಲವೇ 'ಆ್ಯಪ್‌ಡೇಟಾ' ಫೋಲ್ಡರಿನ ಕೆಳಗಿನ 'ಲೋಕಲ್', 'ರೋಮಿಂಗ್', ಹೀಗೆ ಎಲ್ಲೆಲ್ಲೋ ಇರುತ್ತವೆ. 'ಆ್ಯಪ್‌ಡೇಟಾ' ಸುಮ್ನೆ ಹುಡುಕಿದರೆ ಕಾಣುವುದಿಲ್ಲ. ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ'ನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಬೇಕು. ಸೇವ್ ಫೈಲನ್ನು ನೆಟ್‌ನಲ್ಲಿ ಇಟ್ಟುಕೊಳ್ಳುವ ಸ್ಟೀಮ್ ಕ್ಲೌಡ್ ಇದೆಯಲ್ವಾ ಅಂತ ಕೇಳಬಹುದು. ಇದೆ, ಆದರೆ ಎಲ್ಲಾ ಗೇಮಿಗೂ ಇಲ್ಲ. ಇದ್ದರೂ ನೆಟ್ ಇದ್ದಾಗಲೇ ಅದು ಮೇಲಕ್ಕೆ ಹೋಗುವುದು. ಗೇಮ್ ಕಳೆದುಹೋದರೆ ತಡವಾಗಿಯಾದರೂ ಮತ್ತೆ ಇಳಿಸಬಹುದು, ಆ ಊರನ್ನು ಎಲ್ಲಿಂದ ಇಳಿಸುವುದು? ಹಾಗಾಗಿ ಈಗ ಸೇವ್ ಫೈಲ್‌ಗಳನ್ನೇ ಮೊದಲು ಕಾಪಿ ಮಾಡುತ್ತೇನೆ. ಬಹಳಷ್ಟು ಗೇಮ್‌ಗಳಲ್ಲಿ ಅವು ಕೆಲವೇ ಎಂಬಿ, ಪೆನ್‌ಡ್ರೈವ್ ಸಾಕು.

ಎಪಿಕ್ ಎಂಬ ಇನ್ನೊಂದು ಗೇಮ್ ಅಂಗಡಿಯಲ್ಲಿ ಬೇರೆ ದಾರಿ. ಫೋಲ್ಡರ್ ಕಾಪಿ ಇಟ್ಟುಕೊಳ್ಳಿ. ಮುಂದೆ ಇನ್‌ಸ್ಟಾಲ್ ಶುರು ಮಾಡಿ, ಎರಡು ಮೂರು ಪರ್ಸೆಂಟ್ ಆದಾಗ ನಿಲ್ಲಿಸಿ, ಲಾಂಚರ್ (ಎಪಿಕ್‌ನ ಆ್ಯಪ್) ಮುಚ್ಚಿ. ಹಳೆಯ ಫೈಲ್‌ಗಳನ್ನು ಅದರ ಮೇಲೆ ಸುರಿದು ಮುಂದುವರಿಸಿ.

ಜಿಒಜಿ ಎಂಬ ಮತ್ತೊಂದು ಗೇಮ್ ಅಂಗಡಿಯಲ್ಲಿ ಕೊಂಡ ಗೇಮಿಗೆ ಆಫ್‌ಲೈನ್ ಇನ್‌ಸ್ಟಾಲರ್ ಕೊಡುತ್ತಾರೆ. ಒಮ್ಮೆ ಇಳಿಸಿಟ್ಟರೆ ಮತ್ತೆ ಹಾಕಲು ನೆಟ್ ಬೇಡ, ಲಾಗಿನ್ ಬೇಡ. ಊರಿನಲ್ಲಿ ಆಡುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಅಂತ ನನ್ನ ಅಭಿಪ್ರಾಯ. ದೊಡ್ಡ ಗೇಮ್ ಆದರೆ ಸೆಟಪ್ ಫೈಲಿನ ಜೊತೆ 'ಬಿನ್' ಫೈಲ್‌ಗಳೂ ಬರುತ್ತವೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು, ಒಂದು ತಪ್ಪಿದರೂ ಇನ್‌ಸ್ಟಾಲ್ ಆಗುವುದಿಲ್ಲ.

ಬ್ಯಾಕಪ್ ಡಿಸ್ಕ್‌ನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿ ಆಗದು. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ. ಆದರೆ ಬದಲಾಯಿಸಲು ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲಾ ಹೋಗುತ್ತದೆ, ಮೊದಲೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಊರಿಗೆ ಬಸ್ ಹತ್ತುವ ಮುಂಚೆ, ವೈಫೈ ಇರುವಾಗಲೇ, ಒಂದು ಚಿಕ್ಕ ಗೇಮಿನ ಸೇವ್ ಎತ್ತಿಟ್ಟು ಗೇಮ್ ಅಳಿಸಿ, ಬ್ಯಾಕಪ್‌ನಿಂದ ಹಾಕಿ ನೋಡಿ. ತೆರೆದರೆ ಸಾಲದು, ನೀವು ನಿಲ್ಲಿಸಿದ ಜಾಗದಿಂದಲೇ ಶುರುವಾಗುತ್ತದಾ ಅಂತ ನೋಡಿಕೊಳ್ಳಿ.