ಸೋಲುವವರೆಗೆ ತಿಳಿಯದು: ಸರ್ವಾಧಿಕಾರಿಗಳ ಪಟ್ಟಿ ಮಾಡುವ ಕಷ್ಟ

ಹಿಟ್ಲರ್, ಇದಿ ಅಮೀನ್, ಪಿನೊಚೆ ಸರ್ವಾಧಿಕಾರಿಗಳು ಎನ್ನಲು ಯಾವ ಶಾಸ್ತ್ರವೂ ಬೇಡ. ಶಾಸ್ತ್ರ ಬೇಕಾಗುವುದು ಬೋಟ್ಸ್ವಾನಾದಂಥ ದೇಶ ಎದುರಾದಾಗ. 1966ರಲ್ಲಿ ಸ್ವತಂತ್ರವಾದ ಈ ಆಫ್ರಿಕನ್ ದೇಶದಲ್ಲಿ ಐದೈದು ವರ್ಷಕ್ಕೆ ಚುನಾವಣೆ ನಡೆಯಿತು, ಹಲವು ಪಕ್ಷಗಳು ಸ್ಪರ್ಧಿಸಿದವು, ಸೈನ್ಯ ಅಧಿಕಾರಕ್ಕೆ ಕೈಹಾಕಲಿಲ್ಲ. ಆದರೂ ಸಂಶೋಧಕರು ಹೆಚ್ಚಾಗಿ ಬಳಸುವ ಒಂದು ಪಟ್ಟಿ ಅದನ್ನು ಸರ್ವಾಧಿಕಾರದ ಖಾನೆಯಲ್ಲಿ ಇಟ್ಟಿತ್ತು. ಈ ವಿಚಿತ್ರದ ಹಿಂದಿರುವ ತರ್ಕ ನಿಜಕ್ಕೂ ಸೊಗಸಾಗಿದೆ.

‘ಸರ್ವಾಧಿಕಾರಿ’ ಎಂದರೆ ದುಷ್ಟ ಎಂಬ ಕಲ್ಪನೆಯನ್ನು ಮೊದಲು ಬಿಡಬೇಕು. ಎಷ್ಟು ಜನರನ್ನು ಜೈಲಿಗೆ ಹಾಕಿದ, ಎಷ್ಟು ರಸ್ತೆ ಮಾಡಿಸಿದ ಎಂಬುದೆಲ್ಲ ಬೇರೆ ಲೆಕ್ಕ. ಇಲ್ಲಿರುವ ಪ್ರಶ್ನೆ ಒಂದೇ: ಇವನನ್ನು ಮತ ಹಾಕಿ ಇಳಿಸಲು ಸಾಧ್ಯವೇ? ಚುನಾವಣೆ ಗೆದ್ದವನು ಸರ್ವಾಧಿಕಾರಿ ಹೇಗಾಗುತ್ತಾನೆ ಎಂಬ ವಾದವೂ ನಿಲ್ಲದು. ಪೋರ್ಚುಗಲ್‌ನಲ್ಲಿ ಸಲಝಾರ್ 1932ರಿಂದ 1968ರವರೆಗೆ ಆಳಿದಾಗಲೂ ಚುನಾವಣೆಗಳು ನಡೆಯುತ್ತಿದ್ದವು.

ಬೋಟ್ಸ್ವಾನಾವನ್ನು ಹಾಗೆ ಇಟ್ಟ ಪಟ್ಟಿಯ ಬೇರು, ರಾಜಕೀಯ ವಿಜ್ಞಾನಿ ಆಡಂ ಪ್ಶೆವೋರ್ಸ್ಕಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಕಟ್ಟಿದ ಅಳತೆಗೋಲು. ಅದರಲ್ಲಿ ನಾಲ್ಕು ನಿಯಮಗಳಿವೆ. ಆಳುವವನನ್ನು ಜನ ನೇರವಾಗಿಯೋ, ಜನರು ಆರಿಸಿದ ಸಭೆಯ ಮೂಲಕವೋ ಆರಿಸಿರಬೇಕು. ಶಾಸನಸಭೆ ಚುನಾಯಿತವಾಗಿರಬೇಕು. ಒಂದಕ್ಕಿಂತ ಹೆಚ್ಚು ಪಕ್ಷಗಳು ಸ್ಪರ್ಧಿಸಿರಬೇಕು. ಮತ್ತು ಗೆದ್ದವರು ಯಾವ ಚುನಾವಣಾ ನಿಯಮಗಳಲ್ಲಿ ಗೆದ್ದರೋ ಅದೇ ನಿಯಮಗಳಲ್ಲಿ ಒಮ್ಮೆ ಸೋತು, ಕುರ್ಚಿ ಬಿಟ್ಟು ಇಳಿದಿರಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಸರ್ವಾಧಿಕಾರ. ಮೊದಲ ಮೂರನ್ನು ದಾಖಲೆ ತೆರೆದು ನೋಡಿದರೆ ಮುಗಿಯಿತು, ತಲೆನೋವೆಲ್ಲ ನಾಲ್ಕನೆಯದು.

ಕೆರೆಯ ಕೋಡಿಯನ್ನು ನೆನೆಯಿರಿ. ಗಟ್ಟಿ ಕೋಡಿಯೂ ಬಿರುಕು ಬಿಟ್ಟ ಕೋಡಿಯೂ ಬರಗಾಲದಲ್ಲಿ ಒಂದೇ ಥರ ಕಾಣುತ್ತವೆ. ಕೆರೆ ತುಂಬಿ ಹರಿದ ವರ್ಷವಷ್ಟೇ ಯಾವುದು ಏನೆಂದು ತಿಳಿಯುತ್ತದೆ. ಪ್ರೆಷರ್ ಕುಕ್ಕರಿನ ಸೇಫ್ಟಿ ವಾಲ್ವ್ ಕೂಡ ಹಾಗೆಯೇ: ವಿಸಿಲ್ ಸರಿಯಾಗಿ ಕೂಗುತ್ತಿರುವಷ್ಟು ದಿನ ಅದು ಕೆಲಸ ಮಾಡುತ್ತದೋ ಇಲ್ಲವೋ ಹೇಳಲಾಗದು. ಆಳುವ ಪಕ್ಷ ಗೆಲ್ಲುತ್ತಲೇ ಇರುವ ವರ್ಷಗಳು ಕೋಡಿಗೆ ಬರಗಾಲದ ವರ್ಷಗಳು. ಸೋತರೆ ಇಳಿಯುವವನೂ, ಸೋತರೆ ಸೈನ್ಯ ಕರೆಯುವವನೂ ಆಗ ಒಂದೇ ಥರ ಕಾಣುತ್ತಾರೆ.

ಆದ್ದರಿಂದ ಒಂದು ತಪ್ಪಾದರೂ ಆಗಲೇಬೇಕು. ನಿಜವಾದ ಪ್ರಜಾಪ್ರಭುತ್ವವನ್ನು ಸರ್ವಾಧಿಕಾರ ಎನ್ನುವುದು ಒಂದು ತಪ್ಪು, ಸರ್ವಾಧಿಕಾರವನ್ನು ಪ್ರಜಾಪ್ರಭುತ್ವ ಎನ್ನುವುದು ಇನ್ನೊಂದು. ಪ್ಶೆವೋರ್ಸ್ಕಿ ತಂಡ ಮೊದಲನೆಯದನ್ನು ತಿಳಿದೇ ಆರಿಸಿಕೊಂಡಿತು. ಅಂಥ ದೇಶಗಳಿಗೆ ‘ಸಂದೇಹ’ದ ಗುರುತನ್ನೂ ಹಾಕಿತು. ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆ.

ಕೋಡಿ ಹರಿದ ಮೇಲೆ ಹಳೆಯ ವರ್ಷಗಳನ್ನೂ ತಿದ್ದಿ ಬರೆಯಬೇಕಾಗುತ್ತದೆ. ಜಪಾನಿನಲ್ಲಿ ಲಿಬರಲ್ ಡೆಮಾಕ್ರಟಿಕ್ ಪಕ್ಷ 1955ರಿಂದ ಗೆಲ್ಲುತ್ತಲೇ ಬಂದು 1993ರಲ್ಲಿ ಅಧಿಕಾರ ಬಿಟ್ಟಿತು. ಅದರೊಂದಿಗೆ ಹಿಂದಿನ ದಶಕಗಳೂ ಪ್ರಜಾಪ್ರಭುತ್ವವಾದವು. ಭಾರತವನ್ನು 1976ರಲ್ಲಿ ಕುಳಿತು ಇದೇ ಕೋಲಿನಿಂದ ಅಳೆದಿದ್ದರೆ, ತುರ್ತುಪರಿಸ್ಥಿತಿಯನ್ನು ಬದಿಗಿಟ್ಟರೂ ನಾಲ್ಕನೆಯ ನಿಯಮದಲ್ಲಿ ಅನುತ್ತೀರ್ಣ. 1977ರ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಸೋತು ಇಳಿದರು, ಪ್ರಶ್ನೆ ಬಗೆಹರಿಯಿತು. (ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು 1983ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ಸರ್ವಾಧಿಕಾರವಿತ್ತು ಎಂದು ಯಾರೂ ಹೇಳುವುದಿಲ್ಲ.) ಮೆಕ್ಸಿಕೊದ ಕಥೆ ಬೇರೆ. 1929ರಿಂದ ಆಳಿದ ಪಕ್ಷ 2000ದಲ್ಲಿ ಸೋತಿತು. ಆದರೆ 1990ರ ದಶಕದಲ್ಲಿ ಚುನಾವಣೆ ನಡೆಸುವ ವ್ಯವಸ್ಥೆಯೇ ಬದಲಾಗಿತ್ತು. ನಿಯಮ ಅದೇ ಅಲ್ಲವಾದ್ದರಿಂದ ಹಳೆಯ ವರ್ಷಗಳಿಗೆ ಮಾಫಿ ಸಿಗಲಿಲ್ಲ. ಬೋಟ್ಸ್ವಾನಾದಲ್ಲಿ 58 ವರ್ಷ ಆಳಿದ ಪಕ್ಷ 2024ರ ಅಕ್ಟೋಬರ್‌ನಲ್ಲಿ 61 ಸ್ಥಾನಗಳಲ್ಲಿ 4ನ್ನಷ್ಟೇ ಗೆದ್ದಿತು. ಅಧ್ಯಕ್ಷ ಮಸಿಸಿ ಸೋಲೊಪ್ಪಿಕೊಂಡು ಹೊರಟರು.

‘ಡಿಕ್ಟೇಟರ್’ ಎಂಬ ಪದದ ಹುಟ್ಟೂರಿನಲ್ಲೇ ಗೊಂದಲವಿತ್ತು. ರೋಮ್ ಗಣರಾಜ್ಯದಲ್ಲಿ ಅದು ಕಾನೂನುಬದ್ಧ ಹುದ್ದೆ. ಆಪತ್ತಿನಲ್ಲಿ ನೇಮಕ, ಹೆಚ್ಚೆಂದರೆ 6 ತಿಂಗಳು. ಕ್ರಿ.ಪೂ. 82ರಲ್ಲಿ ಸುಲ್ಲಾ ಆ ಗಡುವನ್ನು ಮುರಿದ, ಕ್ರಿ.ಪೂ. 44ರಲ್ಲಿ ಸೀಸರ್ ಆಜೀವ ಡಿಕ್ಟೇಟರ್ ಆದ, ಅದೇ ವರ್ಷ ಕೊಲೆಯಾದ. ಅವನ ನಂತರ ಹುದ್ದೆಯನ್ನೇ ರದ್ದು ಮಾಡಿದರು. ಕ್ರಿ.ಪೂ. 22ರಲ್ಲಿ ಜನರೇ ಆ ಪದವಿ ಕೊಡಲು ಬಂದಾಗ ರೋಮಿನ ಮೊದಲ ಸಾಮ್ರಾಟ ಆಗಸ್ಟಸ್ ಬೇಡವೆಂದ. ಸೈನ್ಯ, ಪ್ರಾಂತ್ಯಗಳು, ವೀಟೊ ಬಿಡಿಬಿಡಿಯಾಗಿ ಆಗಲೇ ಅವನ ಕೈಯಲ್ಲಿದ್ದವು. ಬಿರುದು ನೋಡಿ ಪಟ್ಟಿ ಮಾಡಿದರೆ ಅವನು ಸಿಗುವುದೇ ಇಲ್ಲ.

ಇಂದಿಗೂ ಯಾರ ಹೆಸರು ಬರೆಯಬೇಕು ಎಂಬುದು ಸಲೀಸಲ್ಲ. ಡೆಂಗ್ ಶಿಯಾವೊಪಿಂಗ್ ಚೀನಾದ ಅಧ್ಯಕ್ಷನೂ ಪ್ರಧಾನಿಯೂ ಆಗಿರಲಿಲ್ಲ. ಪನಾಮಾದ ನೊರಿಯೇಗಾ ಸೇನಾಧಿಪತಿಯಾಗಿದ್ದುಕೊಂಡೇ ಆಳಿದ. ಕಜಕಸ್ತಾನದ ನಜರ್ಬಯೇವ್ 2019ರಲ್ಲಿ ರಾಜೀನಾಮೆ ಕೊಟ್ಟ ಮೇಲೂ 2022ರ ಜನವರಿಯವರೆಗೆ ಭದ್ರತಾ ಮಂಡಳಿಯ ಮುಖ್ಯಸ್ಥನಾಗಿದ್ದ. ಯಾವ ದಿನದಿಂದ ಎಣಿಸಬೇಕು ಎಂಬುದೂ ಹಾಗೆಯೇ. ಹಿಟ್ಲರ್ ಚಾನ್ಸಲರ್ ಆದ 1933ರ ಜನವರಿ 30ರಿಂದಲೋ, ಸಂಸತ್ತು ತನ್ನ ಅಧಿಕಾರ ಬಿಟ್ಟುಕೊಟ್ಟ ಮಾರ್ಚ್ 23ರಿಂದಲೋ? ಪಟ್ಟಿಗಾರರು ಡಿಸೆಂಬರ್ 31ರ ಸ್ಥಿತಿ ನೋಡಿ ವರ್ಷಕ್ಕೊಂದು ಗುರುತು ಹಾಕಿ ಈ ಜಗಳ ತಪ್ಪಿಸಿಕೊಳ್ಳುತ್ತಾರೆ.

ಹೌದು–ಇಲ್ಲ ಬೇಡ, ಅಂಕ ಕೊಡೋಣ ಎನ್ನುವವರೂ ಇದ್ದಾರೆ. ಪಾಲಿಟಿ ಪಟ್ಟಿಯಲ್ಲಿ −10ರಿಂದ +10. 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪ್ರಜಾಪ್ರಭುತ್ವ. ಸ್ವೀಡನ್ನಿನ ಸಂಶೋಧನಾ ಸಂಸ್ಥೆ ವಿ-ಡೆಮ್ ಪ್ರತಿ ದೇಶಕ್ಕೂ ಹಲವು ತಜ್ಞರನ್ನು ಕೇಳುತ್ತದೆ. ಬಿಗಿ ಕೈಯ ಮೇಷ್ಟ್ರು, ಧಾರಾಳಿ ಮೇಷ್ಟ್ರು ಇರುವಂತೆ ಅವರಲ್ಲೂ ಇರುವುದರಿಂದ, ಎಲ್ಲರಿಗೂ ಒಂದೇ ಕಾಲ್ಪನಿಕ ದೇಶದ ವಿವರ ಕೊಟ್ಟು, ಯಾರ ಕೈ ಎಷ್ಟು ಬಿಗಿ ಎಂದು ಅಳೆದು ಅಂಕ ಸರಿಹೊಂದಿಸುತ್ತಾರೆ. ಆದರೂ ಗೆರೆಯ ಹತ್ತಿರ ತಕರಾರು ತಪ್ಪದು. ವಿ-ಡೆಮ್‌ನ 2021ರ ವರದಿ ಭಾರತವನ್ನು ‘ಚುನಾವಣಾ ನಿರಂಕುಶಾಧಿಕಾರ’ ಎಂದಿತು. ಭಾರತ ಸರ್ಕಾರ ಅದನ್ನು ತಿರಸ್ಕರಿಸಿತು. ಅಂಕ ಗೆರೆಯಿಂದ ಎಷ್ಟು ದೂರವಿದೆ ಎಂದು ನೋಡದೆ ಬರಿಯ ಹಣೆಪಟ್ಟಿ ಓದುವುದು ಎರಡೂ ಕಡೆಯವರ ತಪ್ಪು.

ಸಿಂಗಪುರದ ಸಾಲು ಮಾತ್ರ ಇನ್ನೂ ಹಾಗೆಯೇ ಇದೆ. ಅಲ್ಲಿ ಪೀಪಲ್ಸ್ ಆಕ್ಷನ್ ಪಾರ್ಟಿ 1959ರಿಂದ ಆಳುತ್ತಿದೆ. 2025ರ ಮೇ ಚುನಾವಣೆಯಲ್ಲಿ 97ರಲ್ಲಿ 87 ಸ್ಥಾನ ಗೆದ್ದಿತು. ಆ ಕೆರೆ ಇನ್ನೂ ಕೋಡಿ ಬಿದ್ದಿಲ್ಲ.