ಫಾರ್ಮಸಿ ವಿದ್ಯಾರ್ಥಿಯ ಪರಾನುಭೂತಿಗೆ ಅಳತೆಗೋಲು

ದೀರ್ಘಕಾಲದ ಕಾಯಿಲೆಗಳಿಗೆ ಬರೆದುಕೊಟ್ಟ ಔಷಧವನ್ನು ಹೇಳಿದ ರೀತಿಯಲ್ಲೇ ಸೇವಿಸುವವರು ಅಭಿವೃದ್ಧಿ ಹೊಂದಿದ ದೇಶಗಳಲ್ಲೂ ಸರಾಸರಿ ಶೇ 50ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2003ರ ವರದಿ ಹೇಳಿತ್ತು. ಅಡ್ಡಪರಿಣಾಮದ ಭಯ, ಮರೆವು, ಖರ್ಚು, ಕಾಯಿಲೆಯನ್ನೇ ಒಪ್ಪಿಕೊಳ್ಳದ ಮನಸ್ಸು ಹೀಗೆ ಮಾತ್ರೆ ಬಿಡುವುದಕ್ಕೆ ಕಾರಣಗಳು ಹಲವು. ವೈದ್ಯರೆದುರು ಬಾಯಿಬಿಡದವರೂ ಇದನ್ನು ಫಾರ್ಮಸಿಸ್ಟ್ ಬಳಿ ಹೇಳಿಕೊಳ್ಳುವುದುಂಟು. ಆದರೆ ಕೇಳುವವರ ದನಿಯಲ್ಲಿ ಗದರಿಕೆ ಇರಬಾರದು. ಔಷಧಗಳ ರಸಾಯನಶಾಸ್ತ್ರ ಕಲಿಯುವ ವಿದ್ಯಾರ್ಥಿಗಳಲ್ಲಿ ಪರಾನುಭೂತಿ, ಅಂದರೆ ಇನ್ನೊಬ್ಬರ ಅನುಭವವನ್ನು ಅರಿಯುವ ಗುಣ, ಎಷ್ಟಿದೆ ಎಂದು ಅಳೆಯಲು ಸಂಶೋಧಕರು ಹೊರಟಿರುವುದು ಈ ಕಾರಣಕ್ಕಾಗಿಯೇ.

ಹೆಚ್ಚು ಬಳಕೆಯಲ್ಲಿರುವ ಸಾಧನ ಜೆಫರ್ಸನ್ ಪರಾನುಭೂತಿ ಮಾಪಕ. ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಹೋದ್ಯೋಗಿಗಳು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಕ್ಷೇತ್ರಕ್ಕಾಗಿ ರೂಪಿಸಿದ ಇದನ್ನು ಬಳಿಕ ಇತರ ಆರೋಗ್ಯ ವೃತ್ತಿಗಳ ವಿದ್ಯಾರ್ಥಿಗಳಿಗೂ ಹೊಂದಿಸಲಾಯಿತು. ಇದರಲ್ಲಿರುವ 20 ಹೇಳಿಕೆಗಳಲ್ಲಿ ಪ್ರತಿಯೊಂದನ್ನೂ ತಾನು ಎಷ್ಟರಮಟ್ಟಿಗೆ ಒಪ್ಪುತ್ತೇನೆ ಎಂಬುದನ್ನು ವಿದ್ಯಾರ್ಥಿ 1ರಿಂದ 7ರವರೆಗಿನ ಅಂಕದಲ್ಲಿ ಸೂಚಿಸಬೇಕು. ಒಟ್ಟು ಅಂಕ 20ರಿಂದ 140ರ ನಡುವೆ ಬರುತ್ತದೆ. ಕಣ್ಣು ಮುಚ್ಚಿ ಎಲ್ಲಕ್ಕೂ ಹೌದೆನ್ನುವವರು ಗೆಲ್ಲದಂತೆ ಅರ್ಧದಷ್ಟು ಹೇಳಿಕೆಗಳನ್ನು ನಕಾರಾತ್ಮಕವಾಗಿ ಬರೆದು, ಅವುಗಳ ಅಂಕವನ್ನು ತಿರುಗುಮುರುಗಾಗಿ ಎಣಿಸುತ್ತಾರೆ. ಅಮೆರಿಕದ ಫಾರ್ಮಸಿ ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ರೋಗಿಯ ದೃಷ್ಟಿಯಿಂದ ನೋಡುವ ಶಕ್ತಿ ಮತ್ತು ಕರುಣೆಯಿಂದ ಕೂಡಿದ ಆರೈಕೆ ಎಂಬ ಎರಡು ಅಂಶಗಳು ಅದರಲ್ಲಿ ಪ್ರಧಾನವಾಗಿ ಕಂಡುಬಂದವು.

ಈ ಮಾಪಕದ ಹಿಂದೆ ಒಂದು ನಿಲುವಿದೆ. ಹೋಜತ್ ಅವರ ಪ್ರಕಾರ ಪರಾನುಭೂತಿ ಮುಖ್ಯವಾಗಿ ಬುದ್ಧಿಯ ಕೆಲಸ: ರೋಗಿಯ ಅನುಭವವನ್ನು ಅರ್ಥಮಾಡಿಕೊಳ್ಳುವುದು, ಅರ್ಥವಾಗಿದೆ ಎಂಬುದನ್ನು ರೋಗಿಗೆ ತಿಳಿಸುವುದು, ನೆರವಾಗುವ ಉದ್ದೇಶ ಹೊಂದಿರುವುದು. ಎದುರಿಗಿರುವವರ ನೋವಿಗೆ ತಾನೂ ಕರಗಿಹೋಗುವುದು ಇದಲ್ಲ. ಅತಿಯಾದ ಮರುಕ ತೀರ್ಮಾನವನ್ನೇ ಮಂಕಾಗಿಸಬಹುದು. ಭಾವನೆಯನ್ನು ಇಷ್ಟು ಅಂಚಿಗೆ ಸರಿಸುವುದು ಎಲ್ಲರಿಗೂ ಒಪ್ಪಿಗೆಯಾಗಲಾರದು. ಆದರೂ ಕಲಿಸಿ ಬೆಳೆಸಬಹುದಾದ ಗುಣವೆಂದು ಕಾಣುವವರಿಗೆ ಈ ವ್ಯಾಖ್ಯಾನ ಹೆಚ್ಚು ಉಪಯುಕ್ತ ಎಂದೇ ನನಗನ್ನಿಸುತ್ತದೆ.

ನಿಜವಾದ ತೊಡಕು ಇರುವುದು ಉತ್ತರ ಕೊಡುವವರಲ್ಲಿ. ಇಲ್ಲಿ ದಾಖಲಾಗುವುದು ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು. ಯಾವ ಉತ್ತರ ಸಜ್ಜನಿಕೆಯದೆಂದು ಊಹಿಸುವುದು ಬುದ್ಧಿವಂತ ವಿದ್ಯಾರ್ಥಿಗೆ ಕಷ್ಟವಲ್ಲ. ಹೇಳಿಕೆಗಳು ಒಂದಕ್ಕೊಂದು ಹೊಂದಿಕೆಯಾಗುತ್ತವೆಯೇ ಎಂಬುದನ್ನು ತೋರಿಸುವ ಕ್ರಾನ್‌ಬಾಕ್ ಆಲ್ಫಾ ಎಂಬ ಸಂಖ್ಯೆಯನ್ನು ಸಂಶೋಧನಾ ಲೇಖನಗಳು ಹೆಮ್ಮೆಯಿಂದ ಮುಂದಿಡುತ್ತವೆ. ಆದರೆ ಉತ್ತರ ಪ್ರಾಮಾಣಿಕವೇ ಎಂಬುದನ್ನು ಅದು ಹೇಳಲಾರದು. ಇನ್ನು ಆರಂಭದಲ್ಲೇ ಅಂಕಗಳು ಎತ್ತರದಲ್ಲಿದ್ದರೆ, ತರಬೇತಿಯಿಂದಾದ ಸುಧಾರಣೆ ಕಾಣಿಸಿಕೊಳ್ಳಲು ಜಾಗವೇ ಉಳಿಯುವುದಿಲ್ಲ.

ಹಾಗೆಂದು ಈ ಅಂಕವನ್ನು ತಳ್ಳಿಹಾಕುವಂತಿಲ್ಲ. 891 ಮಧುಮೇಹಿಗಳು ಮತ್ತು ಅವರ 29 ವೈದ್ಯರನ್ನು ಕುರಿತು 2011ರಲ್ಲಿ ಹೋಜತ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಅಂಕ ಪಡೆದ ವೈದ್ಯರ ರೋಗಿಗಳಲ್ಲಿ ಶೇ 56ರಷ್ಟು ಜನರ ಸಕ್ಕರೆ ಅಂಶ ಹತೋಟಿಯಲ್ಲಿತ್ತು. ಕಡಿಮೆ ಅಂಕದವರ ರೋಗಿಗಳಲ್ಲಿ ಅದು ಶೇ 40 ಮಾತ್ರ. ಇದು ನಂಟನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಸಾಬೀತುಪಡಿಸುವುದಿಲ್ಲ. ವೈದ್ಯರಲ್ಲಿ ಕಂಡದ್ದು ಫಾರ್ಮಸಿಸ್ಟ್‌ಗಳಿಗೂ ಅನ್ವಯಿಸುತ್ತದೆ ಎನ್ನಲು ಬೇರೆಯೇ ಪುರಾವೆ ಬೇಕು. ಆದರೂ ಕಾಗದದ ಮೇಲಿನ ಗುರುತಿಗೂ ರೋಗಿಯ ರಕ್ತಪರೀಕ್ಷೆಗೂ ಹೊಂದಿಕೆ ಕಂಡದ್ದು ಸಣ್ಣ ಸಂಗತಿಯಲ್ಲ.

ಪ್ರವೇಶಕ್ಕೆ ಅಭ್ಯರ್ಥಿಗಳನ್ನು ಆರಿಸಲು ಈ ಅಂಕವನ್ನು ಬಳಸಿದರೆ ನಟನೆಗೆ ಬಹುಮಾನ ಕೊಟ್ಟಂತಾಗುತ್ತದೆ. ಒಂದು ತರಗತಿಯ ಸರಾಸರಿ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ, ಕುಸಿಯುತ್ತಿದೆಯೇ ಎಂದು ತಿಳಿಯಲು ಅದು ಸಾಕು. ಒಬ್ಬ ವಿದ್ಯಾರ್ಥಿಯನ್ನು ತೂಗಬೇಕಿದ್ದರೆ, ರೋಗಿಯ ಪಾತ್ರ ವಹಿಸಲು ತರಬೇತಿ ಪಡೆದವರೊಂದಿಗೆ ಮಾತನಾಡಿಸಿ, ತನ್ನ ಮಾತು ಕೇಳಿಸಿಕೊಂಡರೇ ಎಂದು ಆ ಪಾತ್ರಧಾರಿಯನ್ನೇ ವಿಚಾರಿಸಬೇಕು.